ಸಮಾಧಾನ ಸೊಸೈಟಿಯಲ್ಲಿ ಪೈಥಾಗೊರಸ್

ಗುರುಪಾದ ಆ ದಪ್ಪ ಪುಸ್ತಕವನ್ನು ಕೊಂಡದ್ದು ಓದುವುದಕ್ಕಲ್ಲ, ಮಂಚಕ್ಕೆ. ಅವನ ಮನೆಯ ಮಂಚದ ಒಂದು ಕಾಲು ಗಿಡ್ಡ. ಮಗ್ಗುಲು ಬದಲಿಸಿದರೆ ಸಾಕು, ಟಕ್ ಎನ್ನುತ್ತಿತ್ತು. "ಅದರ ಬುಡಕ ಏನರ ಇಡ್ರಿ" ಎಂದು ಹೆಂಡತಿ ನೀಲಾಂಬಿಕಾ ಒಂದು ವರ್ಷದಿಂದ ಹೇಳುತ್ತಿದ್ದಳು. ಕಡೆಗೆ ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ, ಬೆರಳಿಟ್ಟು ಅಳೆದು, ಸರಿಯಾಗಿ ಮೂರು ಬೆರಳು ದಪ್ಪದ ಒಂದನ್ನು ಆರಿಸಿದ. ಅದು ಪ್ರಾಚೀನ ಗ್ರೀಕರು ಆತ್ಮ, ಮನಸ್ಸು, ದೇಹಗಳ ಬಗ್ಗೆ ಏನೇನು ಹೇಳಿದರು ಎಂಬ ಪುಸ್ತಕವೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪಕ್ಕದಲ್ಲೇ ಇದ್ದ ಹೋಮಿಯೋಪಥಿ ಪುಸ್ತಕ ತೆಗೆದುಕೊಳ್ಳುತ್ತಿದ್ದ, ನಮ್ಮ ಸೊಸೈಟಿ ಬದುಕಿಕೊಳ್ಳುತ್ತಿತ್ತು.

ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ನೇರವಾಗಿ ಬಂದದ್ದು ವಿಕ್ರೋಳಿಯ ನಮ್ಮ ಕನ್ನಡ ಬಳಗದ ಸಭೆಗೆ. ಬಳಗದ ಅಧ್ಯಕ್ಷರು ದೂಜ ಶೆಟ್ಟರು. ಗ್ರಾಂಟ್ ರೋಡಿನಲ್ಲಿ ಅವರದು ಉಡುಪಿ ಹೋಟೆಲು. ನಾವೆಲ್ಲ ಇರುವ ಸಮಾಧಾನ ಹೌಸಿಂಗ್ ಸೊಸೈಟಿಗೂ ಅವರೇ ಚೇರ್ಮನ್. ನಮ್ಮ ಕಡೆ ಎಲ್ಲಿ ಮೂರು ಕುರ್ಚಿ ಹಾಕಿದರೂ ನಡುವಿನದ್ದು ಶೆಟ್ಟರದು. ವಾರ್ಷಿಕ ಉಪನ್ಯಾಸಕ್ಕೆ ಆ ಸಲ ಯಾರೂ ಸಿಗದೆ ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ಗುರುಪಾದನ ಕಂಕುಳು ಕಣ್ಣಿಗೆ ಬಿತ್ತು.

"ಎಂಥದು ಮಾರಾಯ್ರೆ ಅದು, ಇಟ್ಟಿಗೆಯಾ?"

ಮಂಚದ ಕಾಲಿಗೆ ಎಂದು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಹನ್ನೆರಡು ಜನ ಕೂತಿದ್ದರು. ಗುರುಪಾದ ಪರೇಲಿನ ಒಂದು ಆಫೀಸಿನಲ್ಲಿ ಟಪಾಲು ವಿಭಾಗದವನು. ಇಪ್ಪತ್ತು ವರ್ಷದ ನೌಕರಿಯಲ್ಲಿ ಹನ್ನೆರಡು ಜನ ಒಟ್ಟಿಗೆ ಅವನ ಮುಖ ನೋಡಿದ್ದು ಅದೇ ಮೊದಲು. ಅವನು ರಟ್ಟಿನ ಮೇಲಿನ ಅಕ್ಷರಗಳನ್ನು ಓರೆಗಣ್ಣಿನಿಂದ ಓದಿ, "ಗ್ರೀಕರ ತತ್ವಶಾಸ್ತ್ರರಿ. ಆತ್ಮದ ವಿಚಾರ. ಹಿಂಗ ಟೈಮ್ ಸಿಕ್ಕಾಗ ಓದ್ತಿರ್ತೀನಿ" ಎಂದ.

ಶೆಟ್ಟರು ಅಲ್ಲೇ ಘೋಷಿಸಿಬಿಟ್ಟರು. ಉಪನ್ಯಾಸಕರು ಗುರುಪಾದ, ವಿಷಯ ಗ್ರೀಕರ ಆತ್ಮ, ಮುಂದಿನ ತಿಂಗಳ ಎರಡನೆಯ ಭಾನುವಾರ. ಮಂಚಕ್ಕೆ ಆ ದಿನವೂ ಏನೂ ಸಿಗಲಿಲ್ಲ.

ಮರುದಿನದಿಂದ ಗುರುಪಾದ ವಿಕ್ರೋಳಿಯಿಂದ ಪರೇಲಿಗೆ ಹೋಗುವ ಲೋಕಲ್‌ನಲ್ಲಿ ದಿನಕ್ಕೆ ನಾಲ್ಕು ಪುಟ ಓದತೊಡಗಿದ. ನಿಂತು ಓದಬೇಕು. ಒಂದು ಕೈಗೆ ಮೇಲಿನ ಹಿಡಿಕೆ, ಪುಸ್ತಕಕ್ಕೆ ಮುಂದಿನವನ ಬೆನ್ನೇ ಮೇಜು. ಮೊದಲ ಅಧ್ಯಾಯ ಪೈಥಾಗೊರಸ್‌ನದು. ಆತ ಒಂದು ದಿನ ದಾರಿಯಲ್ಲಿ ಹೋಗುವಾಗ ಯಾರೋ ಒಂದು ನಾಯಿಮರಿಗೆ ಹೊಡೆಯುತ್ತಿದ್ದರಂತೆ. 'ನಿಲ್ಲಿಸು, ಹೊಡೆಯಬೇಡ, ಇದು ನನ್ನ ಗೆಳೆಯನ ಆತ್ಮ, ಕೂಗಿದಾಗ ದನಿ ಗುರುತು ಹಿಡಿದೆ' ಎಂದನಂತೆ. ಕತೆ ಗುರುಪಾದನಿಗೆ ಬಹಳ ಹಿಡಿಸಿತು. ಉಪನ್ಯಾಸವನ್ನು ಇದರಿಂದಲೇ ಶುರು ಮಾಡಬೇಕು, ಅದೂ ಬಲಗೈ ಮೇಲೆತ್ತಿ, ಕಂಪನಿ ನಾಟಕದವರ ಹಾಗೆ ಎಂದು ನಿಶ್ಚಯಿಸಿದ. ಬಚ್ಚಲಲ್ಲಿ, ಮೆಟ್ಟಿಲಲ್ಲಿ, ಗಡ್ಡ ಹೆರೆಯುವಾಗ, ಎಲ್ಲೆಂದರಲ್ಲಿ ಅಭ್ಯಾಸ ನಡೆಯಿತು. ಗದ್ದಕ್ಕೆ ಎರಡು ಗಾಯವೂ ಆಯಿತು.

ಈಗ ನಾಯಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪೌಂಡಿನಲ್ಲಿ ಮೂರು ವರ್ಷದಿಂದ ಒಂದು ಕಂದು ನಾಯಿ ಇತ್ತು. ಹೆಸರಿಲ್ಲ. ಸ್ಕೂಟರುಗಳ ಸೀಟಿನ ಮೇಲೆ ಮಲಗುತ್ತಿತ್ತು. ಬಾಗಿಲ ಮುಂದೆ ಬಿಟ್ಟ ಚಪ್ಪಲಿ ಕದಿಯುತ್ತಿತ್ತು, ಅದೂ ಒಂದೊಂದೇ ಕಾಲಿನದು. ಎರಡೂ ಒಯ್ದಿದ್ದರೆ ಕಳ್ಳತನ ಎಂದು ಬಿಡಬಹುದಿತ್ತು. ಒಂದನ್ನು ಉಳಿಸಿ ಹೋಗುವುದು ಅಪಮಾನ ಎಂದು ಸೊಸೈಟಿ ಭಾವಿಸಿತು. ಬದಲಾಪುರದ ಆಚೆ ಒಂದು ಪ್ರಾಣಿ ಆಶ್ರಮವಿದೆ, ಅಲ್ಲಿಗೆ ಕಳಿಸುವುದು, ಹಿಡಿದು ಟೆಂಪೋ ಹತ್ತಿಸುವ ಜವಾಬ್ದಾರಿ ಸೆಕ್ರೆಟರಿಯದು ಎಂದು ಠರಾವು ಆಯಿತು.

ಸೆಕ್ರೆಟರಿ ಎಂದರೆ ಗುರುಪಾದನೇ. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಇದ್ದವರು ಮೊದಲನೇ ಮಹಡಿಯ ಚನ್ನಬಸಯ್ಯನವರು. ಧಾರವಾಡದ ಕಡೆಯ ಗಟ್ಟಿ ಗಂಟಲು. ಗೇಟಿನೊಳಗೆ ಕೊರಿಯರ್‌ನವನು ಕಾಲಿಟ್ಟರೂ ಬಾಲ್ಕನಿಯಿಂದ "ಯಾರೋ ಅದು?" ಎಂದು ಗುಡುಗುತ್ತಿದ್ದರು. ಆರು ತಿಂಗಳ ಹಿಂದೆ ತೀರಿಕೊಂಡರು. ಆಮೇಲೆ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಗುರುಪಾದ ಅಂದಿನ ಮೀಟಿಂಗಿಗೆ ಬಂದಿರಲಿಲ್ಲವಾದ್ದರಿಂದ ಅವನನ್ನು ಅವಿರೋಧವಾಗಿ ಆರಿಸಿದೆವು. ಅವನಿಗೆ ನಾಯಿ ಎಂದರೆ ಜೀವ ಹೋಗುವಷ್ಟು ಭಯ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಟೆಂಪೋ ಬಂತು. ವಾಚ್‌ಮನ್ ಹಣಮಂತ ಕೋಲು ಹಿಡಿದು ನಾಯಿಯ ಬೆನ್ನು ಹತ್ತಿದ. ಗುರುಪಾದ ನಾಲ್ಕನೇ ಮೆಟ್ಟಿಲ ಮೇಲೆ ನಿಂತು "ಹಂಗ ಹಿಡಿ, ಹಿಂಗ ಹಿಡಿ" ಎನ್ನುತ್ತಿದ್ದ. ಕೋಲು ತಾಗಿತು. ನಾಯಿ ಕಂಯ್ ಎಂದು ಕೂಗಿ, ಎಲ್ಲ ಬಿಟ್ಟು ನೇರವಾಗಿ ಮೆಟ್ಟಿಲ ಕಡೆಗೇ ನುಗ್ಗಿತು. ಗುರುಪಾದನ ಎದೆ ಬಾಯಿಗೆ ಬಂತು. ಹದಿನೈದು ದಿನದಿಂದ ಬಾಯಲ್ಲಿ ಏನಿತ್ತೋ ಅದೇ ಹೊರಗೆ ಬಿತ್ತು. ಬಲಗೈ ತಾನಾಗಿಯೇ ಮೇಲೆದ್ದಿತು.

"ನಿಲ್ಲಸು! ಹೊಡೀಬ್ಯಾಡ! ಇದು ನನ್ನ ಗೆಳೆಯಾನ ಆತ್ಮ! ಆ ದನಿ ನಾ ಗುರುತು ಹಿಡದೀನಿ!"

ನಾಲ್ಕೂ ಮಹಡಿಯ ಬಾಲ್ಕನಿಗಳಲ್ಲಿ ಜನ. ಹಣಮಂತನ ಕೈಯಿಂದ ಕೋಲು ಜಾರಿತು. "ಯಾವ ಗೆಳೆಯಾರ ಆತ್ಮರಿ ಸಾಹೇಬ್ರ?" ಎಂದು ಅವನು ಪಿಸುಗುಟ್ಟಿದ. ಅಷ್ಟರಲ್ಲಿ ಕೊರಿಯರ್‌ನವನೊಬ್ಬ ಗೇಟು ತೆರೆದ. ನಾಯಿ ಗರಕ್ಕನೆ ತಿರುಗಿ, ಎದೆ ಸೆಟೆಸಿ, ಎರಡೇ ಎರಡು ಸಲ ಬೊಗಳಿತು.

"ಅಯ್ಯ ಶಿವನ! ಇದು ಚನ್ನಬಸಯ್ಯನೋರ ದನಿ!" ಎಂದು ಮೂರನೇ ಮಹಡಿಯಿಂದ ಒಂದು ಹೆಣ್ಣು ಕಂಠ ಕಿರುಚಿತು. ಅದು ಯಾರದೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನೂ ಮೂರನೇ ಮಹಡಿಯಲ್ಲೇ ಇದ್ದೇನೆ, ಈ ವಿಷಯದಲ್ಲಿ ನನ್ನ ಹೆಂಡತಿಯನ್ನು ನಾನು ಏನೂ ಕೇಳಿಲ್ಲ.

"ನಾ ಅಂದಿದ್ದಲ್ರೀ ಅದು, ಪೈಥಾಗೊರಸ್ ಅಂದಿದ್ದು" ಎಂದು ಗುರುಪಾದ ತೊದಲಿದ.

ದೂಜ ಶೆಟ್ಟರು ಲುಂಗಿ ಎತ್ತಿ ಕಟ್ಟಿಕೊಂಡು ಇಳಿದು ಬಂದರು. "ಯಾರು, ಶಾಲೆಯಲ್ಲಿ ತ್ರಿಕೋನ ಕಲಿಸ್ತಾರಲ್ಲ, ಅವನಾ?"

"ಹೂಂ ರಿ, ಅವನ."

ಶೆಟ್ಟರ ಮುಖ ಗಂಭೀರವಾಯಿತು. "ಮಾರಾಯ್ರೆ, ಅವನು ಗಣಿತದವ. ಅವನ ಪ್ರಮೇಯ ಎರಡೂವರೆ ಸಾವಿರ ವರ್ಷದಿಂದ ಒಂದು ದಿನ ತಪ್ಪಲಿಲ್ಲ. ತ್ರಿಕೋನದಲ್ಲಿ ತಪ್ಪದವನು ನಾಯಿಯಲ್ಲಿ ತಪ್ಪುದುಂಟಾ?"

ಟೆಂಪೋ ಖಾಲಿಯಾಗಿ ಹಿಂದೆ ಹೋಯಿತು. ಆ ಸಂಜೆಯೇ ಟೆರೇಸಿನಲ್ಲಿ ತುರ್ತು ಸಭೆ. ಅಷ್ಟು ಜನ ಸೇರಿದ್ದು ನೀರಿನ ಟಾಂಕಿ ಒಡೆದ ವರ್ಷ ಬಿಟ್ಟರೆ ಅಂದೇ. ಗುರುಪಾದನ ಮಗಳು ಸ್ನೇಹಲ್ ಕಾಲೇಜು ಓದುವ ಹುಡುಗಿ. ಕನ್ನಡವನ್ನು ಬಿಸಿ ಪಾತ್ರೆಯಂತೆ ಅಂಚಿನಲ್ಲಿ ಹಿಡಿಯುತ್ತಾಳೆ. ಅವಳು ಎದ್ದು ನಿಂತು, "ಅಂಕಲ್, ಏಕ್ ಮಿನಿಟ್. ಈ ಡಾಗ್ ತೋ ತೀನ್ ಸಾಲ್‌ದಿಂದ ಇಲ್ಲೇ ಇದೆ ನಾ? ಚನ್ನಬಸಯ್ಯ ಅಂಕಲ್ ಎಕ್ಸ್‌ಪೈರ್ ಆಗಿದ್ದು ಸಿಕ್ಸ್ ಮಂತ್ಸ್ ಪಹಲೇ. ಲಾಜಿಕ್ ಕ್ಯಾ ಹೈ?" ಎಂದಳು.

ಶೆಟ್ಟರು ನಕ್ಕರು. "ನೋಡು ಮಗಾ, ಈ ಬಿಲ್ಡಿಂಗಿಗೆ ನಲವತ್ತು ವರ್ಷ. ನೀವು ಬಂದದ್ದು ಹತ್ತು ವರ್ಷದ ಹಿಂದೆ. ಮೊದಲು ಯಾರೋ ಇದ್ದರು, ಖಾಲಿ ಮಾಡಿದರು, ನೀವು ಹೊಕ್ಕಿರಿ. ಫ್ಲ್ಯಾಟಿನ ವಯಸ್ಸು ಬೇರೆ, ಇರುವವರ ವಯಸ್ಸು ಬೇರೆ. ನಾಯಿ ಹಳೇದು, ಒಳಗಿನವರು ಹೊಸಬರು. ಮುಂಬೈಯಲ್ಲಿ ಹುಟ್ಟಿದವಳು ನೀನು, ಇದನ್ನು ನಾವು ಹೇಳಿಕೊಡಬೇಕಾ?"

ಇದಾದ ಮೇಲೆ ಸಂಶಯಕ್ಕೆ ಜಾಗ ಉಳಿಯಲಿಲ್ಲ. ಬಾಡಿಗೆಯೋ ಸ್ವಂತದ್ದೋ, ಬಾಡಿಗೆಯಾದರೆ ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಚನ್ನಬಸಯ್ಯನವರು ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಮಾತ್ರ ಅರ್ಧ ಗಂಟೆ ಚರ್ಚೆ ಆಯಿತು. ಈ ಎಲ್ಲದರ ನಡುವೆ ಮೂಲೆಯಲ್ಲಿ ಕೂತಿದ್ದ ಒಬ್ಬರನ್ನು ಯಾರೂ ಕೇಳಿರಲಿಲ್ಲ. ಅವರು ಚನ್ನಬಸಯ್ಯನವರ ಹೆಂಡತಿ ಗಂಗುಬಾಯಿ.

"ನಮ್ಮನಿಯವರು ಲಿಂಗೈಕ್ಯ ಆದವ್ರು ರಿ. ಸ್ವಾಮಿಗಳು ಬಂದು ಹೇಳಿ ಹೋಗ್ಯಾರ. ನಮ್ಮಾಗ ಹಿಂಗ ತಿರುಗಿ ಬರೂ ಪದ್ಧತಿ ಇಲ್ಲ" ಎಂದರು ಅವರು.

"ಅದು ಊರಿನ ಪದ್ಧತಿ ಅಕ್ಕ. ಇವರು ತೀರಿಕೊಂಡದ್ದು ಮಹಾರಾಷ್ಟ್ರದಲ್ಲಿ" ಎಂದರು ಶೆಟ್ಟರು.

ಕೈ ಎತ್ತಿಸಲಾಯಿತು. ಹತ್ತೊಂಬತ್ತು ಮತ ಪರ, ಮೂರು ವಿರುದ್ಧ. ನಾನೂ ಎತ್ತಿದೆ, ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಸದರಿ ನಾಯಿಯು ಸೊಸೈಟಿಯ ಮಾಜಿ ಸೆಕ್ರೆಟರಿ ಚನ್ನಬಸಯ್ಯನವರೇ ಎಂದೂ, ಅವರನ್ನು ಸಕಲ ಮರ್ಯಾದೆಯೊಂದಿಗೆ ಮೊದಲನೇ ಮಹಡಿಯ ಸ್ವಗೃಹಕ್ಕೆ ತಲುಪಿಸತಕ್ಕದ್ದೆಂದೂ ಠರಾವು ಬರೆದವನು ಗುರುಪಾದನೇ.

ಗಂಗುಬಾಯಿಯ ಆ ಆರು ತಿಂಗಳ ಬಗ್ಗೆ ಇಲ್ಲಿ ಹೇಳಬೇಕು. ಗಂಡ ಹೋದಾಗ ಅವರು ಅತ್ತರು, ಬಹಳ ಅತ್ತರು. ಅತ್ತು ಮುಗಿದು ಕಣ್ಣು ಒರೆಸಿಕೊಂಡು ನೋಡುತ್ತಾರೆ, ಟೀವಿಯ ರಿಮೋಟು ತಮ್ಮ ಕೈಯಲ್ಲಿದೆ. ನಲವತ್ತೆರಡು ವರ್ಷ ನಸುಕಿನ ಐದಕ್ಕೆ ಚಹಾ ಕುದಿಸಿದವರು ಏಳರವರೆಗೆ ಮಲಗತೊಡಗಿದರು. ಸಾರಿಗೆ ತಮಗೆ ಬೇಕಾದಷ್ಟು ಬೆಳ್ಳುಳ್ಳಿ ಹಾಕಿಕೊಂಡರು. ಮಧ್ಯಾಹ್ನ ಗೆಳತಿಯರ ಜೊತೆ ಘಾಟ್‌ಕೋಪರಿನ ಮಾರ್ಕೆಟ್ಟಿಗೆ ಹೋಗಿ, ಏನೂ ಕೊಳ್ಳದೆ, ಎಲ್ಲವನ್ನೂ ಮುಟ್ಟಿ ನೋಡಿ ಬರುತ್ತಿದ್ದರು. ಮುಖದಲ್ಲಿ ಒಂದು ತೇಜ ಬಂದಿತ್ತು.

ಈಗ ಗಂಡ ವಾಪಸು. ಮನೆಯ ಬಾಗಿಲು ತೆರೆದಿಡಬೇಕು, ಏಕೆಂದರೆ ಬಿಲ್ಡಿಂಗಿನವರು ದರ್ಶನಕ್ಕೆ ಬರುತ್ತಾರೆ. ಬರುವವರು ಸುಮ್ಮನೆ ಬರುತ್ತಾರೆಯೇ? "ಅಕ್ಕಾರ, ಐದು ಹೊಡೀತು, ಇನ್ನೂ ಚಹಾ ಇಟ್ಟಿಲ್ಲೇನ್ರಿ?" "ಅವರಿಗೆ ರೊಟ್ಟಿ ಮ್ಯಾಲ ಶೇಂಗಾ ಚಟ್ನಿ ಬೇಕಾಗ್ತಿತ್ತಲ್ರಿ, ಬರೇ ರೊಟ್ಟಿ ಹಾಕೀರಿ." "ಸೀರಿಯಲ್ ಯಾಕ ಹಚ್ಚೀರಿ, ಅವರು ನ್ಯೂಸ್ ನೋಡವ್ರು." ನಾಯಿ ಸೋಫಾದ ಮೇಲೆ ಮಲಗಿ ನ್ಯೂಸ್ ನೋಡಿತು. ಗಂಗುಬಾಯಿ ತಲೆ ಮೇಲೆ ಸೆರಗು ಹೊದ್ದು ನೆಲದ ಮೇಲೆ ಕೂತರು. ಅದನ್ನು ಕರೆಯಬೇಕೆಂದರೆ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಗಂಡನ ಹೆಸರು. "ರ್‍ರೀ... ಇಲ್ಲೆ ಬರ್ರಿ... ಆ ಚಪ್ಲಿ ಬಿಡ್ರಿ" ಎಂದು ಅವರು ಮೆಟ್ಟಿಲ ತುಂಬ ನಾಯಿಯ ಹಿಂದೆ ಓಡಾಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮೂರನೆಯ ದಿನ ಅವರು ಆಫೀಸಿಗೆ ಹೊರಟಿದ್ದ ಗುರುಪಾದನನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿದರು.

"ತಮ್ಮಾ, ನಿನ್ನ ಗ್ರೀಕನ ಮನಿ ಹಾಳಾಗ್ಲಿ. ನಲವತ್ತೆರಡು ವರ್ಷ ಮಾಡೀನಿ, ಮುಗದಿತ್ತು. ನೀ ಮತ್ತ ಕರಕೊಂಡು ಬಂದಿ. ಆ ನಾಯಿಯೊಳಗ ಅವರಿಲ್ಲ ಅಂತ ನೀನ ಸಾಬೀತು ಮಾಡಿ ಇದನ್ನ ಬದಲಾಪುರಕ್ಕ ಕಳಸು. ಇಲ್ಲಂದ್ರ ಆ ಟೆಂಪೋದಾಗ ನಾನ ಕುಂತು ಹೋಗ್ತೀನಿ. ನೋಡು, ನಗಬ್ಯಾಡ, ಖರೇನ ಹೋಗ್ತೀನಿ."

ಗುರುಪಾದ ನಗುವ ಸ್ಥಿತಿಯಲ್ಲಿರಲಿಲ್ಲ. ಅವನು ಕೆಟ್ಟವನಲ್ಲ, ದಡ್ಡನೂ ಅಷ್ಟೊಂದು ಅಲ್ಲ. ಒಬ್ಬ ಹೆಣ್ಣುಮಗಳ ನೆಮ್ಮದಿಯನ್ನು ತನ್ನ ಒಂದು ಕೂಗಿನಿಂದ ಹಾಳು ಮಾಡಿದೆನಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಒಬ್ಬ ಗ್ರೀಕ ಕಟ್ಟಿದ್ದನ್ನು ಇನ್ನೊಬ್ಬ ಗ್ರೀಕ ಬಿಡಿಸಲಾರನೇ ಎಂದುಕೊಂಡು ಲೋಕಲ್‌ನಲ್ಲಿ ಮುಂದಿನ ಅಧ್ಯಾಯ ತೆರೆದ. ಅದು ಪ್ಲೇಟೋನದು. ಆತ್ಮಕ್ಕೆ ಮೂರು ಭಾಗ ಎಂದಿದ್ದಾನೆ ಆತ. ತಲೆಯಲ್ಲಿ ಬುದ್ಧಿ, ಎದೆಯಲ್ಲಿ ಸಿಟ್ಟು, ಹೊಟ್ಟೆಯಲ್ಲಿ ಆಸೆ. ಬುದ್ಧಿ ಸಾರಥಿ, ಉಳಿದೆರಡು ಕುದುರೆ. ದಾದರ್ ಬರುವ ಹೊತ್ತಿಗೆ ಗುರುಪಾದನ ಮುಖ ಅರಳಿತ್ತು. ಸಂಜೆ ಕಮಿಟಿಯ ಮುಂದೆ ನಿಂತ.

"ಪ್ಲೇಟೋ ಹೇಳೂ ಪ್ರಕಾರ ಚನ್ನಬಸಯ್ಯನವರು ಪೂರ್ತಿ ಬಂದಿಲ್ರಿ. ನಾಯಿಯೊಳಗ ಬುದ್ಧಿ ಭಾಗ ಇಲ್ಲ. ಬರೇ ಸಿಟ್ಟು, ಹೊಟ್ಟಿ, ಇವೆರಡ ಬಂದಾವ. ಅದಕ್ಕ ಇವರನ್ನ ಅವರು ಅಂತ ಅನ್ನಾಕ ಬರೂದಿಲ್ಲ."

ಶೆಟ್ಟರು ಕಮಿಟಿಯವರ ಮುಖ ನೋಡಿದರು. ಕಮಿಟಿಯವರು ಶೆಟ್ಟರ ಮುಖ ನೋಡಿದರು. "ಹೇಳುದು ಸರಿಯಲ್ಲ, ತೀರಿಹೋದವರು. ಆದರೂ ಕೇಳ್ತೇನೆ ಮಾರಾಯ್ರೆ, ಅವರಲ್ಲಿ ಇದ್ದದ್ದು ಆ ಎರಡೇ ಅಲ್ವಾ? ಹಾಗಾದರೆ ಏನೂ ಹಿಂದೆ ಉಳಿಯಲಿಲ್ಲ, ಪೂರ್ತಿ ಬಂದಿದ್ದಾರೆ." ಬಾಗಿಲಲ್ಲಿ ನಿಂತಿದ್ದ ಗಂಗುಬಾಯಿಯೂ ಇ‌ದನ್ನು ಅಲ್ಲಗಳೆಯಲಾರದೆ ಹೋದರು.

ಪ್ಲೇಟೋನಿಂದ ನಂಬಿಕೆ ಇಮ್ಮಡಿಯಾಯಿತು. ಆ ವಾರದಲ್ಲೇ ಪಾಲಿಕೆಯಿಂದ ನಾಯಿಗಳಿಗೆ ಲಸಿಕೆ ಹಾಕುವವನು ರಿಜಿಸ್ಟರು ಹಿಡಿದು ಬಂದ. ಮರಾಠಿಯವನು, ಅವಸರದ ಮನುಷ್ಯ. ನಾಯಿಯ ಹೆಸರು ಕೇಳಿದ. ಹಣಮಂತ ಎದೆಯುಬ್ಬಿಸಿ "ಚನ್ನಬಸಯ್ಯ ಹಿರೇಮಠ, ರಿಟಾಯರ್ಡ್" ಎಂದ. ಅವನು ತಲೆಯೆತ್ತದೆ ಬರೆದುಕೊಂಡ. ಅವನು ಅದಕ್ಕಿಂತ ದೊಡ್ಡ ಹೆಸರಿನ ನಾಯಿಗಳನ್ನು ಪವಯಿಯ ಶ್ರೀಮಂತರ ಮನೆಗಳಲ್ಲಿ ನೋಡಿರಬೇಕು. "ಮಾಲಕ್ ಕೋಣ?" ಎಂದು ಮುಂದಿನ ಪ್ರಶ್ನೆ ಬಂತು. ಯಜಮಾನರು ಯಾರು? ಎಲ್ಲರೂ ಗಂಗುಬಾಯಿಯ ಕಡೆ ತಿರುಗಿದರು.

"ನನ್ನ ಯಾಕ ನೋಡ್ತೀರಿ? ಯಜಮಾನ್ರು ಅಂದ್ರ ಅವರ" ಎಂದು ಅವರು ನಾಯಿಯನ್ನು ತೋರಿಸಿದರು.

ಅವನು ಹೆಸರಿನ ಕಾಲಮ್ಮಿನಲ್ಲಿ ಬರೆದದ್ದನ್ನೇ ಯಜಮಾನರ ಕಾಲಮ್ಮಿನಲ್ಲೂ ಬರೆದು, ಸೂಜಿ ಚುಚ್ಚಿ, ಸರ್ಟಿಫಿಕೇಟು ಕೊಟ್ಟು ಹೋದ. ಚನ್ನಬಸಯ್ಯನವರ ಚನ್ನಬಸಯ್ಯತನಕ್ಕೆ ಈಗ ಸರ್ಕಾರಿ ಠಸ್ಸೆಯೂ ಬಿತ್ತು. ಹಣಮಂತ ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿದ.

ಗುರುಪಾದ ಅರಿಸ್ಟಾಟಲನ ಮೊರೆ ಹೊಕ್ಕ. ಈತ ಮಾತ್ರ ಕೈಬಿಡುವಂತೆ ಕಾಣಲಿಲ್ಲ. ಯಾವ ಆತ್ಮ ಬೇಕಾದರೂ ಯಾವ ದೇಹಕ್ಕೆ ಬೇಕಾದರೂ ಹೊಗುತ್ತದೆ ಎನ್ನುವುದು ಬಡಗಿಯ ಕಸುಬು ಕೊಳಲಿನೊಳಗೆ ಹೊಕ್ಕಿತು ಎಂದ ಹಾಗೆ ಎಂದು ಆತ ಪೈಥಾಗೊರಸನ ಕಡೆಯವರನ್ನೇ ಹಿಡಿದು ಝಾಡಿಸಿದ್ದ. ಗುರುಪಾದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಗ್ರಾಂಟ್ ರೋಡಿಗೆ ಹೋಗಿ, ಶೆಟ್ಟರನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೇ ಹಿಡಿದ.

"ಬಡಿಗೇರನ ಕಸಬು ಬಡಿಗೇರನ ಸಾಮಾನಿನಾಗ ಅಷ್ಟ ನಡೀತೈತ್ರಿ. ಕೊಳಲು ತಗೊಂಡು ಕಟಗಿ ಕೊಯ್ಯಾಕ ಬರ್ತೈತೇನು? ಹಂಗ ಮನಷ್ಯಾನ ಆತ್ಮ ಮನಷ್ಯಾನ ಮೈಯಾಗ ಅಷ್ಟ. ನಾಯಿ ಮೈಯಾಗ ನಡಿಯೂದಿಲ್ಲ."

ಶೆಟ್ಟರು ಒಂದು ಪಾರ್ಸೆಲ್ಲಿಗೆ ದಾರ ಸುತ್ತುತ್ತ ಯೋಚಿಸಿದರು. "ನಮ್ಮಲ್ಲಿ ದೋಸೆ ಭಟ್ಟ ಊರಿಗೆ ಹೋದಾಗ ಟೇಬಲ್ ಒರೆಸುವವನೇ ದೋಸೆ ಹುಯ್ಯುದು. ಬರ್ತದೆ ಮಾರಾಯ್ರೆ. ಸ್ವಲ್ಪ ದಪ್ಪ ಆಗ್ತದೆ ಅಷ್ಟೆ. ಚನ್ನಬಸಯ್ಯನವರೂ ನಾಯಿಯಲ್ಲಿ ಸ್ವಲ್ಪ ದಪ್ಪ ಬಂದಿದ್ದಾರೆ, ನಾವು ಸುಧಾರಿಸ್ಬೇಕು. ಅದಿರಲಿ, ಈ ಅರಿಸ್ಟಾಟಲ್ ಯಾವ ಪ್ರಮೇಯ ಕೊಟ್ಟಿದ್ದಾನೆ?"

"ಪ್ರಮೇಯ... ಹಂಗೇನೂ ಇಲ್ರಿ."

"ಮತ್ತೆ? ಎರಡು ಇಡ್ಲಿ ತಿಂದು ಹೋಗಿ."

ಎರಡನೆಯ ಭಾನುವಾರ ಬಂದೇಬಿಟ್ಟಿತು. ನಮ್ಮ ಬಳಗದ ಉಪನ್ಯಾಸಕ್ಕೆ ಸಾಮಾನ್ಯವಾಗಿ ಹನ್ನೊಂದು ಜನ ಬರುತ್ತಾರೆ, ಮೈಕಿನವನೂ ಸೇರಿ. ಅಂದು ಸಭಾಂಗಣ ತುಂಬಿ ಕಿಟಕಿಯಲ್ಲೂ ಜನ. ಮುಲುಂಡಿನಿಂದ, ಡೊಂಬಿವಲಿಯಿಂದ ಸಂಸಾರ ಸಮೇತ ಬಂದಿದ್ದರು. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಶೆಟ್ಟರು ತಮ್ಮ ಜೀವಮಾನದಲ್ಲಿ ಮೊದಲ ಸಲ ಬಿಟ್ಟುಕೊಟ್ಟಿದ್ದರು. ಅದರ ಮೇಲೆ ನಾಯಿ ಕೂತಿತ್ತು, ಹೆಗಲಿಗೆ ಶಾಲು. ಪಕ್ಕದಲ್ಲಿ ಗಂಗುಬಾಯಿ, ತಲೆಗೆ ಸೆರಗು. ಐದಕ್ಕೆ ಎದ್ದೆದ್ದು ಕಣ್ಣ ಕೆಳಗೆ ಕಪ್ಪಾಗಿತ್ತು. ಆ ಮುಖ ನೋಡಿ, ಕೈ ಎತ್ತಿದ್ದಕ್ಕೆ ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು.

ಗುರುಪಾದನ ಬಳಿ ಉಳಿದಿದ್ದವನು ಒಬ್ಬನೇ ಗ್ರೀಕ, ಎಪಿಕ್ಯುರಸ್. ಗುರುಪಾದ ನೀರು ಕುಡಿದು ಗಂಟಲು ಸರಿಮಾಡಿಕೊಂಡ. "ಆತ್ಮ ಅನ್ನೋದು ಸಣ್ಣ ಸಣ್ಣ ಕಣಗಳು. ಮನುಷ್ಯ ಸತ್ತ ಕೂಡಲೆ ಅವು ಊದಿನಕಡ್ಡಿಯ ಹೊಗೆಯಂತೆ ಚದುರಿಹೋಗುತ್ತವೆ. ಆಮೇಲೆ ಏನೂ ಇಲ್ಲ, ಎಲ್ಲಿಗೂ ಹೋಗುವುದಿಲ್ಲ, ಯಾವ ನಾಯಿಯೊಳಗೂ..."

ಮುಂದಿನದು ಕೇಳಲಿಲ್ಲ. "ಏನೂ ಇಲ್ಲಂದ್ರ ನಮ್ಮಪ್ಪಗ ವರ್ಷಾ ಎಡೀ ಇಡೂದು ಯಾರಿಗ್ರಿ?" ಎಂದು ಒಬ್ಬರು ಎದ್ದರು. "ಅಪ್ಪ ತೀರಿಕೊಂಡಾಗ ಬೊಜ್ಜದ ಊಟಕ್ಕೆ ಇನ್ನೂರು ಎಲೆ ಹಾಕಿಸಿದ್ದೇನೆ, ಹೊಗೆಗಾ?" ಎಂದು ಮಂಗಳೂರಿನವರೊಬ್ಬರು ಕೂಗಿದರು. ಶೆಟ್ಟರು ಗಂಟೆ ಬಾರಿಸಿದರು. "ಗುರುಪಾದರೇ, ನಿಮ್ಮ ಗ್ರೀಕರು ಮೊದಲು ಅವರವರೇ ಒಂದು ಮೀಟಿಂಗ್ ಮಾಡಿ ಠರಾವು ಮಾಡಿಕೊಳ್ಳಲಿ. ಒಬ್ಬ ಉಂಟು ಅಂತಾನೆ, ಒಬ್ಬ ಮೂರು ತುಂಡು ಅಂತಾನೆ, ಒಬ್ಬ ಕೊಳಲು ಅಂತಾನೆ, ಇವ ಹೊಗೆ ಅಂತಾನೆ!"

ಗುರುಪಾದ ಪುಸ್ತಕ ಮುಚ್ಚಿದ. ಮೈಕು ಹಿಡಿದು, ಅಳುವ ದನಿಯಲ್ಲಿ ನಿಜ ಹೇಳಿಬಿಟ್ಟ. "ನನಗೇನೂ ಗೊತ್ತಿಲ್ರೀ. ಈ ಪುಸ್ತಕ ನಾ ಮಂಚದ ಕಾಲಿಗೆ ಅಂತ ತಂದಿದ್ದೆ. ನನ್ನಿಂದ ಗಂಗಕ್ಕಾರಿಗೆ ತ್ರಾಸ ಆತು. ತಪ್ಪಾತ್ರೀ."

ಚಪ್ಪಾಳೆಯ ಮಳೆಯೇ ಸುರಿಯಿತು. "ಎಂಥಾ ವಿನಯ ನೋಡ್ರಿ. ಓದಿದವರು ಅಂದ್ರ ಹಿಂಗಿರಬೇಕು" ಎಂದು ಹಿಂದಿನ ಸಾಲಿನ ಒಬ್ಬ ಮಾಸ್ತರರು ಕಣ್ಣು ಒರೆಸಿಕೊಂಡರು.

ಚಪ್ಪಾಳೆ ನಿಲ್ಲುವ ಮೊದಲೇ ಗಂಗುಬಾಯಿ ಎದ್ದರು. ತಮ್ಮ ಕುರ್ಚಿಯನ್ನು ಎಳೆದು ನಾಯಿಯ ಎದುರಿಗೆ ಹಾಕಿಕೊಂಡು ಕೂತರು. "ಯಾವ ಗ್ರೀಕಾನೂ ಬ್ಯಾಡ. ಸರೀರಿ, ನಾನ ನೋಡ್ತೀನಿ" ಎಂದವರೇ ನಾಯಿಯ ಕಣ್ಣಲ್ಲಿ ಕಣ್ಣಿಟ್ಟರು.

"ಏನ್ರೀ, ಕೇಳ್ರಿ ಇಲ್ಲೆ. ಮದಿವ್ಯಾದ ವರ್ಷ ಒಂದು ಹಸರು ಇಳಕಲ್ ಸೀರಿ ಬೇಕು ಅಂದಿದ್ದೆ. ನಿಮ್ಮ ಅವ್ವಗ ಹಸರು ಆಗೂದಿಲ್ಲ ಅಂದ್ರಿ. ನಿಮ್ಮ ಅವ್ವ ಹೋಗಿ ಇಪ್ಪತ್ತು ವರ್ಷ ಆತು, ಆ ಸೀರಿ ಇನ್ನಾ ಬಂದಿಲ್ಲ. ನಮ್ಮಪ್ಪ ಸತ್ತಾಗ ಮೂರು ದಿನಾ ತಡಾ ಮಾಡಿ ಕಳಿಸಿದ್ರಿ, ಸೊಸಾಯ್ಟಿ ಮೀಟಿಂಗ್ ಐತಿ ಅಂತ. ಮಾರಿ ನೋಡಾಕ ಸಿಗಲಿಲ್ಲ ನನಗ. ಶ್ರೀಶೈಲಕ್ಕ ಕರಕೊಂಡು ಹೋಗ್ತೀನಿ ಅಂದ್ರಿ, ಬಿಲ್ಡಿಂಗ್ ಬಿಟ್ಟು ಹ್ಯಾಂಗ ಹೋಗೂದು ಅಂದ್ರಿ. ಈ ಬಿಲ್ಡಿಂಗ್ ಏನು ಓಡಿ ಹೋಗ್ತಿತ್ತೇನು?"

ಒಂದರ ಹಿಂದೆ ಒಂದು ಬಂತು. ನಾದಿನಿಯ ಮದುವೆ, ಸುಟ್ಟ ಕೈ, ಕೇಳದೆ ಮಾರಿದ ಹೊಲಿಗೆ ಮಷೀನು. ನಾಯಿ ಬಾಲ ಅಲ್ಲಾಡಿಸದೆ, ಕಿವಿ ನಿಮಿರಿಸಿ, ತಲೆ ಒಂದು ಕಡೆ ವಾಲಿಸಿ ಅವರನ್ನೇ ನೋಡುತ್ತ ಕೂತಿತ್ತು. ಹಿಂದೆ ಯಾರೋ ಬಿಸ್ಕತ್ತಿನ ಪುಡಿಕೆ ಬಿಚ್ಚಿದರು. ಆ ಕಡೆ ತಿರುಗಲಿಲ್ಲ. ಗಂಗುಬಾಯಿಯ ದನಿ ಇಳಿಯಿತು.

"ಆ ದಿನಾ ಕೊತಂಬ್ರಿ ತರ್ತೀನಿ ಅಂತ ಇಳದು ಹೋದ್ರಿ. ನಾ ಒಗ್ಗರಣಿಗೆ ಎಣ್ಣಿ ಇಟ್ಟು ಕುಂತಿದ್ದೆ. ಎಣ್ಣಿ ಹೊಗಿ ಆತು, ನೀವು ಬರಲಿಲ್ಲ. ಒಂದು ಮಾತು ಹೇಳದ ಹೋದ್ರಿ. ಜಗಳ ಆಡಾಕಾದರೂ ಇರಬೇಕಿತ್ತಿಲ್ಲೋ?"

ಅವರು ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ನಾಯಿ ಕುರ್ಚಿಯಿಂದ ಇಳಿದು ಬಂದು ಅವರ ಮೊಣಕಾಲ ಮೇಲೆ ಗದ್ದ ಇಟ್ಟಿತು. ಶೆಟ್ಟರೂ ಕಣ್ಣು ಒರೆಸಿಕೊಂಡರು. "ನೋಡಿದಿರಾ, ಅವರೇ! ಕ್ಷಮೆ ಕೇಳ್ತಿದ್ದಾರೆ" ಎಂದರು.

ಗಂಗುಬಾಯಿ ಸೆರಗು ತೆಗೆದರು. ಮುಖ ಒರೆಸಿಕೊಂಡು ನೆಟ್ಟಗೆ ಕೂತರು. "ಶೆಟ್ರ, ಬರಕೋರಿ. ಇದು ಅವರಲ್ಲ."

"ಹೇಗೆ ಹೇಳ್ತೀರಿ ಅಕ್ಕ?"

"ಕಾಲು ತಾಸು ಮಾತಾಡೀನಿ. ನಡುವ ಒಮ್ಮೆನೂ ಬಾಯಿ ಹಾಕಲಿಲ್ಲ. ಸಾಕ ಮಾಡು ಅನ್ನಲಿಲ್ಲ, ಎದ್ದು ಹೋಗಲಿಲ್ಲ. ಕಡೀತನಾ ಕುಂತು ಕೇಳ್ತು. ನಲವತ್ತೆರಡು ವರ್ಷದಾಗ ನಂದು ಒಂದು ಮಾತು ಕಡೀ ಮುಟ್ಟಿಲ್ಲ ಶೆಟ್ರ. ಅವರಾಗಿದ್ರ ಸೀರಿ ಅನ್ನೂದ್ರಾಗನ ಮುಗೀತಿತ್ತು."

ಸಭೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಂತಮ್ಮ ಗಂಡಂದಿರ ಕಡೆ ತಿರುಗಿದರು. ನನ್ನ ಹೆಂಡತಿ ಬಹಳ ಹೊತ್ತು ನನ್ನನ್ನೇ ನೋಡಿದಳು. ಇಂಥ ಪುರಾವೆಯ ಮುಂದೆ ತ್ರಿಕೋನವೂ ನಿಲ್ಲಲಾರದು ಎಂದು ಗಂಡಸರಿಗೂ ಮನವರಿಕೆಯಾಯಿತು. ಮತಕ್ಕೆ ಹಾಕುವ ಅಗತ್ಯವೂ ಬೀಳಲಿಲ್ಲ. ವೇದಿಕೆಯ ಮೇಲೆ ಗುರುಪಾದ ಜೀವ ಬಂದವನಂತೆ ಉಸಿರು ಬಿಟ್ಟ.

ಶೆಟ್ಟರು ಸೋತ ಮುಖದಲ್ಲಿ ಫೋನು ಹೊರತೆಗೆದರು. "ಆಯ್ತು ಅಕ್ಕ, ನೀವು ಗೆದ್ದಿರಿ. ನಾಳೆ ಬೆಳಿಗ್ಗೆಗೆ ಬದಲಾಪುರದ ಟೆಂಪೋ ಹೇಳ್ತೇನೆ."

"ಯಾಕ?" ಎಂದರು ಗಂಗುಬಾಯಿ. "ಅವರು ಅಂತ ಇತ್ತು, ಅದಕ್ಕ ಕಳಸ್ರಿ ಅಂದೆ. ಅವರಲ್ಲ ಅಂದಮ್ಯಾಲೆ ಯಾಕ ಕಳಸಬೇಕು?"

ಅವರು ತಲೆಯ ಮೇಲಿನ ಸೆರಗನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿದರು. ನಾಯಿಯ ಹೆಗಲಿನ ಶಾಲು ತೆಗೆದು ಶೆಟ್ಟರ ಕೈಗೆ ಕೊಟ್ಟರು.

"ನಡಿಯೋ, ಮನಿಗೆ ಹೋಗೂಣು" ಎಂದರು ನಾಯಿಗೆ. "ಇನ್ನಾ ಹೇಳೂದು ಭಾಳ ಐತಿ."